ಆಯಿಯ ಬುಟ್ಟಿ, ನನ್ನ ಪೆಟ್ಟಿಗೆ

ಹೋದ ವರ್ಷ ಮಾರ್ಚಿನಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ, ಟೀವಿ ಪಕ್ಕದ ಸ್ಟೂಲಿನ ಮೇಲೆ ಒಂದು ಥರ್ಮೋಕೋಲ್ ಪೆಟ್ಟಿಗೆ ಬಂದು ಕೂತಿತು. ಒಳಗೆ ಎರಡು ಬಲ್ಬು, ಕಂಪ್ಯೂಟರಿನಿಂದ ಬಿಚ್ಚಿದ ಹಳೆಯ ಫ್ಯಾನು, ಒಂದು ಬಟ್ಟಲು ನೀರು, ಒಂಬತ್ತು ತತ್ತಿ. ಮನೆಗೆ ಬಂದವರೆಲ್ಲ "ಇದೇನ್ರಿ ಕಾಕಾ, ಐಸ್‌ಕ್ರೀಮ್ ಡಬ್ಬಿ ಟೀವಿ ಮುಂದ ಯಾಕ ಇಟ್ಟೀರಿ?" ಅಂತ ಕೇಳುವವರೇ. "ಐಸ್‌ಕ್ರೀಮ್ ಅಲ್ಲೋ ತಮ್ಮಾ, ಇದು ಬಾಣಂತಿ ಖೋಲಿ" ಅನ್ನುತ್ತಿದ್ದೆ.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಧಾರವಾಡದ ಕಡೆ ಮೊಟ್ಟೆಗೆ ತತ್ತಿ ಅಂತಾರೆ, ಹೇಂಟೆಗೆ ಹ್ಯಾಂಟಿ ಅಂತಾರೆ, ನಾಟಿ ಕೋಳಿಗೆ ಜವಾರಿ ಕೋಳಿ ಅಂತಾರೆ. ಬೆಂಗಳೂರು, ಮೈಸೂರು, ಮಂಗಳೂರು ಕಡೆಯ ಮಿತ್ರರು ಸುಧಾರಿಸಿಕೊಂಡು ಓದಬೇಕು :-)

ನಾನು ಹುಟ್ಟಿದ್ದು ಧಾರವಾಡದ ಹೊಸಯಲ್ಲಾಪುರದಲ್ಲಿ. ಹುಬ್ಬಳ್ಳಿಯ ರೇಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿ ದುಡಿದು ನಿವೃತ್ತನಾದ ಮೇಲೆ ನವಲೂರಿನ ಹತ್ತಿರ, ಪೇರಲ ತೋಟಗಳ ಮಗ್ಗುಲಲ್ಲಿ ಸಣ್ಣ ಮನೆ ಕಟ್ಟಿಸಿಕೊಂಡಿದ್ದೇನೆ. ನನಗೆ ನೆನಪು ಶುರುವಾದಾಗಿನಿಂದ ನಮ್ಮ ಮನೆಯಲ್ಲಿ ಕೋಳಿ ಇಲ್ಲದ ದಿನವಿಲ್ಲ. ಕೆಲಸಕ್ಕಿದ್ದಾಗ ಬಾಡಿಗೆ ಮನೆಯಲ್ಲೂ ಹಿತ್ತಲು ಇದೆಯೋ ಇಲ್ಲವೋ ನೋಡಿಯೇ ಮುಂಗಡ ಕೊಡುತ್ತಿದ್ದೆ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಅರವತ್ತು ವರ್ಷ ಕೋಳಿ ಸಾಕಿದರೂ ಒಂದೇ ಒಂದು ಮರಿಯನ್ನೂ 'ನಾನು' ಮಾಡಿಸಿರಲಿಲ್ಲ. ಹ್ಯಾಂಟಿ ಕಾವಿಗೆ ಕೂಡುತ್ತಿತ್ತು, ಆಯಿಯೋ ಅವ್ವನೋ ಬುಟ್ಟಿಯಲ್ಲಿ ತತ್ತಿ ಇಡುತ್ತಿದ್ದರು, ಇಪ್ಪತ್ತೊಂದನೇ ದಿನ ಮರಿ ಚಿಂವ್‌ಗುಟ್ಟುತ್ತಿದ್ದವು. ನನ್ನ ಕೆಲಸ ಹದ್ದು ಓಡಿಸುವುದು, ಸಂಜೆ ಮಂಕರಿ ಮುಚ್ಚುವುದು, ಅಷ್ಟೆ.

ಹಾಗಿದ್ದವನು ಈ ವಯಸ್ಸಿನಲ್ಲಿ ಪೆಟ್ಟಿಗೆ ಮುಂದೆ ಕೂರಬೇಕಾಗಿ ಬಂದದ್ದಕ್ಕೆ ತಪ್ಪು ನನ್ನದೇ. ಹೋದ ವರ್ಷ ಜನವರಿಯಲ್ಲಿ ನಮ್ಮ ಕೋಳಿಗಳಿಗೆ ಕೊಕ್ಕರೆ ರೋಗ ಬಂತು. ಮೊದಲ ದಿನ ಒಂದು ಹುಂಜ ತೂಕಡಿಸುತ್ತ ನಿಂತಿತ್ತು. ಎರಡನೇ ದಿನ ಹಸಿರು ಹಿಕ್ಕೆ, ಮೂರನೇ ದಿನ ಕುತ್ತಿಗೆ ತಿರುಚಿಕೊಂಡವು. ಲಸಿಕೆ ಹಾಕಿಸಬೇಕು ಹಾಕಿಸಬೇಕು ಅಂತ ದೀಪಾವಳಿಯಿಂದ ಮುಂದೂಡುತ್ತ ಬಂದಿದ್ದೆ. ಈ ರೋಗಕ್ಕೆ ಇಂಗ್ಲಿಷಿನವರು ಇಟ್ಟ ಹೆಸರು ನ್ಯೂಕ್ಯಾಸಲ್. ೧೯೨೬ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲೂ ಜಾವಾ ದ್ವೀಪದಲ್ಲೂ ಅದನ್ನು ಗುರುತಿಸಿದರು. ಆಮೇಲೆ ಒಂದೆರಡು ವರ್ಷಕ್ಕೇ ನಮ್ಮ ಕುಮಾವೂಂ ಬೆಟ್ಟದ ರಾಣಿಖೇತದಲ್ಲಿ ಕಂಡಿತು, ಹಾಗಾಗಿ ಇಡೀ ಹಿಂದುಸ್ತಾನದಲ್ಲಿ ಅದು ರಾಣಿಖೇತ್ ರೋಗ. ಹೆಸರು ಏನೇ ಇರಲಿ, ಬಂದರೆ ಗೂಡು ಬರಿದು. ಹದಿನೇಳರಲ್ಲಿ ಉಳಿದದ್ದು ಒಂದು ಮುದಿ ಹ್ಯಾಂಟಿ, ಒಂದು ಹುಂಜ.

ಆ ಹ್ಯಾಂಟಿ ಅಂತಿಂಥದ್ದಲ್ಲ. ಬೂದು ಮೈ ಮೇಲೆ ಕರಿ ಚುಕ್ಕಿಯ ಆ ಬಳಿ ನಮ್ಮ ಆಯಿಯ ಕಾಲದ್ದು. ಆಯಿಯಿಂದ ಅವ್ವಗೆ, ಅವ್ವನಿಂದ ನನಗೆ ಬಂದದ್ದು. ಅವ್ವ ತೀರಿಕೊಂಡ ಮೇಲೆ ಅವಳ ಪಾತ್ರೆಗಳನ್ನು ತಂಗಿಯರು ಹಂಚಿಕೊಂಡರು, ನನ್ನ ಪಾಲಿಗೆ ಬಂದದ್ದು ಕೋಳಿಗಳು. ಈಗ ಉಳಿದ ಈ ಮುದಿ ಹ್ಯಾಂಟಿ ಎರಡು ದಿನಕ್ಕೊಂದು ತತ್ತಿ ಇಡುತ್ತಿತ್ತು, ಆದರೆ ಕಾವಿಗೆ ಮಾತ್ರ ಕೂಡುತ್ತಿರಲಿಲ್ಲ. ಇನ್ನೊಂದು ಮಳೆಗಾಲ ಬದುಕುತ್ತದೋ ಇಲ್ಲವೋ. ಅದರ ತತ್ತಿ ಮರಿಯಾಗದಿದ್ದರೆ ಆಯಿಯ ಕೋಳಿಗಳ ಕತೆ ನನ್ನ ಕೈಯಲ್ಲೇ ಮುಗಿದಂತೆ.

ಬೇರೆಯವರ ಮನೆಯ ಕಾವು ಹ್ಯಾಂಟಿ ಕೇಳೋಣ ಅಂತ ಓಣಿ ಓಣಿ ತಿರುಗಿದೆ. ಇಡೀ ನವಲೂರು ಸುತ್ತಿದರೂ ಕಾವಿಗೆ ಕೂತ ಒಂದು ಕೋಳಿ ಸಿಗಲಿಲ್ಲ! ಒಬ್ಬರು "ನಾಳೆ ಬರ್ರಿ ಕೊಡ್ತೇವಿ" ಅಂದರು. ನಾಳೆ ಹೋದರೆ ಬೀಗರು ಬಂದಿದ್ದರಂತೆ, ಕೋಳಿ ಸಾರಾಗಿತ್ತು.

ಎಲ್ಲಿ ಹೋದವು ಕಾವು ಕೂಡುವ ಹ್ಯಾಂಟಿಗಳು? ನನ್ನ ಚಿಕ್ಕಂದಿನಲ್ಲಿ ಹೊಸಯಲ್ಲಾಪುರದ ಪ್ರತಿ ಹಿತ್ತಲಲ್ಲೂ ಒಂದಿಲ್ಲೊಂದು ಬುಟ್ಟಿ ಹಿಡಿದು ಕೂತೇ ಇರುತ್ತಿತ್ತಲ್ಲ? ಈ ಪ್ರಶ್ನೆ ಹಿಡಿದುಕೊಂಡು ಹೋದಾಗ ನನಗೆ ಸಿಕ್ಕ ಕತೆಯನ್ನೇ ಇಲ್ಲಿ ಹೇಳುತ್ತಿದ್ದೇನೆ.

ಕಾವು ಕೂತ ಹ್ಯಾಂಟಿ ತತ್ತಿ ಇಡುವುದಿಲ್ಲ. ಮೂರು ವಾರ ತತ್ತಿಯ ಮೇಲೆ, ಆಮೇಲೆ ಒಂದೆರಡು ತಿಂಗಳು ಮರಿಗಳ ಹಿಂದೆ. ಹೀಗೆ ವರ್ಷಕ್ಕೆ ಎರಡು ಮೂರು ಸಲ ಕೂತರೆ ತತ್ತಿಗೆ ಉಳಿಯುವ ದಿನವೆಷ್ಟು? ಆದ್ದರಿಂದಲೇ ಜವಾರಿ ಹ್ಯಾಂಟಿ ವರ್ಷಕ್ಕೆ ಇಡುವುದು ೫೦–೬೦ ತತ್ತಿ. ತತ್ತಿಯನ್ನೇ ವ್ಯಾಪಾರ ಮಾಡಿಕೊಂಡವರಿಗೆ ಕಾವು ಅಂದರೆ ನಷ್ಟ. ಯುರೋಪು, ಅಮೆರಿಕಾದ ಸಾಕಣೆದಾರರು ಕಾವಿಗೆ ಕೂಡದ ಹ್ಯಾಂಟಿಗಳನ್ನೇ ಆರಿಸಿ ಆರಿಸಿ ಮುಂದಿನ ಪೀಳಿಗೆ ಮಾಡಿಸಿದರು. ಇಟಲಿಯ ಲಿವೊರ್ನೊ ಬಂದರಿನಿಂದ ಹೆಸರು ಪಡೆದ ಬಿಳಿ ಲೆಗಾರ್ನ್ ಕೋಳಿ ಇದರಲ್ಲಿ ಮುಂದು. ಇವತ್ತು ಅದರ ರಕ್ತದ ಫಾರಂ ಕೋಳಿ ವರ್ಷಕ್ಕೆ ೩೦೦ಕ್ಕೂ ಹೆಚ್ಚು ತತ್ತಿ ಇಡುತ್ತದೆ, ತನ್ನ ತತ್ತಿಯ ಮೇಲೆ ಕೂಡಬೇಕೆಂಬುದನ್ನೇ ಮರೆತಿದೆ. ಈ ಮರೆವು ಮೈಯೊಳಗಿನದು. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಕೊಟ್ಟರೆ ಹ್ಯಾಂಟಿ ಕಾವಿಗೆ ಕೂಡುತ್ತದೆ ಎಂದು ಅಮೆರಿಕಾದ ಆಸ್ಕರ್ ರಿಡಲ್ ಮತ್ತು ಸಂಗಡಿಗರು ೧೯೩೫ರಲ್ಲೇ ತೋರಿಸಿದ್ದರು. ಬಾಣಂತಿಗೆ ಎದೆಹಾಲು ಬರಿಸುವುದೂ ಅದೇ ಹಾರ್ಮೋನು.

ನಮ್ಮ ದೇಶಕ್ಕೆ ಈ ಲೆಕ್ಕ ದೊಡ್ಡದಾಗಿ ಬಂದದ್ದು ತಡವಾಗಿ. ೧೯೭೧ರಲ್ಲಿ ಬಿ. ವಿ. ರಾವ್ ಅವರು ಹೈದರಾಬಾದಿನಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಶುರುಮಾಡಿದರು. ೧೯೮೨ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಬಂತು. ಒಂದು ದಿನದ ಮರಿಗಳು ಊರಿಂದೂರಿಗೆ ಹೊರಟವು. ಮರಿ ಹೊರಬರುವ ಮುಂಚೆ ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದಲ್ಲ, ಆ ಬುತ್ತಿಯಲ್ಲಿ ಎರಡು ಮೂರು ದಿನ ಕಾಳು ನೀರಿಲ್ಲದೆ ಬದುಕಬಲ್ಲದು. ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ ತೂತು ಕೊರೆದ ರಟ್ಟಿನ ಡಬ್ಬಿಗಳು ಚಿಂವ್ ಚಿಂವ್ ಅನ್ನುತ್ತಿದ್ದದ್ದು ನನಗೆ ನೆನಪಿದೆ. ತಾಯಿಯ ಮುಖ ನೋಡದ ಮರಿಗಳು ಅಂತ ಆಗ ಹೊಳೆದಿರಲಿಲ್ಲ.

ಹಿತ್ತಲಿಗೂ ಈ ಬದಲಾವಣೆ ಬಂದದ್ದು ಗಿರಿರಾಜನ ಜೊತೆ. ಬೆಂಗಳೂರಿನ ಹೆಬ್ಬಾಳದಲ್ಲಿ ಆಗಿನ ಕೃಷಿ ವಿಶ್ವವಿದ್ಯಾಲಯದ ಕೋಳಿ ವಿಜ್ಞಾನಿಗಳು ಹಳ್ಳಿಯ ಹಿತ್ತಲಿಗೆಂದೇ ಈ ಮಿಶ್ರತಳಿ ಮಾಡಿ ೧೯೮೯ರಲ್ಲಿ ಬಿಡುಗಡೆ ಮಾಡಿದರು. ಬಣ್ಣ ಬಣ್ಣದ ಗರಿ, ಗಟ್ಟಿ ಮೈ, ಹೊರಗೆ ಮೇದು ಬದುಕುವ ಗುಣ. ವರ್ಷಕ್ಕೆ ೧೩೦–೧೫೦ ತತ್ತಿ. ಬಡವರ ಮನೆಯ ಮಕ್ಕಳ ತಟ್ಟೆಗೆ ತತ್ತಿ ಬಂದದ್ದರಲ್ಲಿ ಅದರ ಪಾಲು ಸಣ್ಣದಲ್ಲ, ಅದನ್ನು ಆಡಿಕೊಳ್ಳುವ ಮನಸ್ಸು ನನಗಿಲ್ಲ. ೨೦೦೫ರಲ್ಲಿ ಅದರ ತಮ್ಮನ ಹಾಗೆ ಸ್ವರ್ಣಧಾರ ಬಂತು. ನಾನೂ ೯೦ರ ದಶಕದಲ್ಲಿ ಹತ್ತು ಗಿರಿರಾಜ ಮರಿ ತಂದು ಬಿಟ್ಟಿದ್ದೆ. ಅವ್ವ ಒಂದು ವರ್ಷ ನೋಡಿ ಹೇಳಿದ್ದಳು: "ತತ್ತಿ ಭಾಳ ಇಡತಾವಪಾ, ಆದ್ರ ಒಂದೂ ಕಾವಿಗೆ ಕುಂದ್ರಂಗಿಲ್ಲ. ಇವಕ್ಕ ಮರಿ ಬೇಕಾದ್ರ ಮತ್ತ ಪ್ಯಾಟಿಗೇ ಹೋಗಬೇಕು." ಅದೇ ನಿಜವಾಯಿತು. ಒಂದೊಂದೇ ಹಿತ್ತಲಲ್ಲಿ ಜವಾರಿ ಹೋಗಿ ಮಿಶ್ರತಳಿ ಬಂತು, ಕಾವು ಕೂಡುವ ಬುಟ್ಟಿ ಅಟ್ಟ ಸೇರಿತು. ನವಲೂರು ಸುತ್ತಿದರೂ ಒಂದು ಹ್ಯಾಂಟಿ ಸಿಗದಿದ್ದಕ್ಕೆ ಇದು ಕಾರಣ.

ಹ್ಯಾಂಟಿ ಇಲ್ಲದಿದ್ದರೆ ಕಾವು ಎಲ್ಲಿಂದ ತರಬೇಕು? ಈ ಪ್ರಶ್ನೆ ಕೇಳಿಕೊಂಡವರಲ್ಲಿ ನಾನು ಮೊದಲಿನವನೇನೂ ಅಲ್ಲ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ ಗ್ರೀಸಿನ ಅರಿಸ್ಟಾಟಲ್, ಈಜಿಪ್ಟಿನವರು ತತ್ತಿಯನ್ನು ಗೊಬ್ಬರದ ಗುಂಡಿಯಲ್ಲಿ ಹುಗಿದು ಮರಿ ಮಾಡಿಸುತ್ತಾರೆ ಎಂದು ಬರೆದಿದ್ದಾನೆ. ಅದೇ ಜಾಗದಲ್ಲಿ ಸಿರಾಕ್ಯೂಸಿನ ಒಬ್ಬ ಕುಡುಕನ ಕತೆಯೂ ಇದೆ. ಆ ಪುಣ್ಯಾತ್ಮ ತನ್ನ ಚಾಪೆಯ ಕೆಳಗೆ ನೆಲದಲ್ಲಿ ತತ್ತಿ ಇಟ್ಟು, ಮರಿ ಬರುವ ತನಕ ಕುಡಿಯುತ್ತಲೇ ಕೂತಿರುತ್ತಿದ್ದನಂತೆ! ಇಪ್ಪತ್ತೊಂದು ದಿನ ಕುಡಿಯಲು ಇದಕ್ಕಿಂತ ಒಳ್ಳೆಯ ನೆಪ ಯಾರಿಗೂ ಸಿಕ್ಕಿರಲಾರದು.

ಈಜಿಪ್ಟಿನವರ ಮುಂದಿನ ಹೆಜ್ಜೆ ಮಣ್ಣಿನ ಇಟ್ಟಿಗೆಯ ದೊಡ್ಡ ಒಲೆಮನೆಗಳು. ನಡುವೆ ಓಣಿ, ಎರಡೂ ಬದಿ ಸಣ್ಣ ಕೋಣೆ, ಕೋಣೆಗೆ ಎರಡು ಅಂತಸ್ತು. ಮೇಲೆ ಕುಳ್ಳು, ಹುಲ್ಲಿನ ಬೆಂಕಿ, ಕೆಳಗೆ ಸಾವಿರಗಟ್ಟಲೆ ತತ್ತಿ. ಥರ್ಮಾಮೀಟರ್ ಇಲ್ಲ. ತತ್ತಿಯನ್ನು ಮುಚ್ಚಿದ ಕಣ್ಣಿನ ರೆಪ್ಪೆಗೆ ಹಿಡಿದು ಬಿಸಿ ನೋಡುತ್ತಿದ್ದರು. ರೆಪ್ಪೆಯ ತೊಗಲು ಅಷ್ಟು ಸೂಕ್ಷ್ಮ. ನಾನೂ ನನ್ನ ಡಿಜಿಟಲ್ ಮೀಟರನ್ನು ಹಾಗೆ ಪರೀಕ್ಷೆ ಮಾಡಿ ನೋಡಿದೆ. ಹಿತವಾಗಿ ಬೆಚ್ಚಗಿದ್ದರೆ ಸರಿ, ಚುರ್ ಅಂದರೆ ಹೆಚ್ಚು. ಮೀಟರಿಗೂ ರೆಪ್ಪೆಗೂ ಜಗಳವಾಗಲಿಲ್ಲ.

ಈ ಒಲೆಗಳ ಸುದ್ದಿ ಕೇಳಿ ಫ್ರಾನ್ಸಿನ ವಿಜ್ಞಾನಿ ರೆಯೋಮುರ್ ಅದನ್ನು ತನ್ನ ನಾಡಿನಲ್ಲಿ ಮಾಡಲು ಹೊರಟ. ಬೇಯುವ ಗೊಬ್ಬರದ ನಡುವೆ ಪೀಪಾಯಿ ಹುಗಿದು, ಒಳಗೆ ತತ್ತಿಯನ್ನೂ ಥರ್ಮಾಮೀಟರನ್ನೂ ಇಟ್ಟು, ೧೭೪೯ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ. ಅವನಿಗಿಂತ ನೂರು ವರ್ಷಕ್ಕೂ ಮೊದಲು ಹಾಲೆಂಡಿನ ಕಾರ್ನೆಲಿಸ್ ಡ್ರೆಬೆಲ್ ತತ್ತಿ ಮರಿ ಮಾಡಿಸಲು ತಾನೇ ಉರಿ ಹೆಚ್ಚು ಕಡಿಮೆ ಮಾಡಿಕೊಳ್ಳುವ ಒಲೆ ಮಾಡಿದ್ದ. ಬಿಸಿ ಹೆಚ್ಚಾದರೆ ಪಾದರಸ ಏರಿ ಗಾಳಿಯ ದಾರಿ ಮುಚ್ಚುತ್ತಿತ್ತು, ಉರಿ ತಗ್ಗುತ್ತಿತ್ತು. ಇವತ್ತು ಫ್ರಿಜ್ಜು, ಇಸ್ತ್ರಿಪೆಟ್ಟಿಗೆ, ಗೀಸರುಗಳಲ್ಲಿರುವ ಥರ್ಮೋಸ್ಟಾಟಿನ ಮುತ್ತಜ್ಜ ಅದು. ಅದು ಹುಟ್ಟಿದವರಲ್ಲಿ ಕೋಳಿ ತತ್ತಿಯೂ ಒಂದು ಕಾರಣ ಅಂದರೆ ಫಿಟರ್ ಆದ ನನಗೆ ಎಷ್ಟು ಖುಷಿಯಾಗಿರಬೇಡ!

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇಂಗ್ಲೆಂಡಿನ ಚಾರ್ಲ್ಸ್ ಹಿಯರ್ಸನ್ ೧೮೮೧ರಲ್ಲಿ ಮಾಡಿದ ಯಂತ್ರ. ಎರಡು ತೆಳು ಹಿತ್ತಾಳೆ ತಗಡಿನ ನಡುವೆ ಈಥರ್ ಮತ್ತು ಆಲ್ಕೋಹಾಲಿನ ಮಿಶ್ರಣದ ಒಂದೆರಡು ಹನಿ ಹಾಕಿ ಬೆಸುಗೆ ಹಾಕಿದ. ನಿಗದಿ ಬಿಸಿ ಮುಟ್ಟಿದೊಡನೆ ಒಳಗಿನ ದ್ರವ ಆವಿಯಾಗಿ ತಗಡು ಉಬ್ಬುತ್ತದೆ, ಒಂದು ಕಡ್ಡಿಯನ್ನು ಎತ್ತುತ್ತದೆ, ಕಡ್ಡಿ ದೀಪದ ಮೇಲಿನ ಮುಚ್ಚಳ ಎತ್ತುತ್ತದೆ, ಹೆಚ್ಚಿನ ಬಿಸಿ ಹೊರಗೆ ಹೋಗುತ್ತದೆ. ಕರೆಂಟಿಲ್ಲ, ತಂತಿಯಿಲ್ಲ. ಒಂದು ದೀಪ, ಒಂದು ಚಪ್ಪಟೆ ಡಬ್ಬಿ. ನನ್ನ ಪೆಟ್ಟಿಗೆಯಲ್ಲಿ ಆ ಕೆಲಸವನ್ನು ಬೆಂಕಿಪೊಟ್ಟಣದಷ್ಟು ದೊಡ್ಡ ಸರ್ಕಿಟ್ಟು ಮಾಡುತ್ತದೆ. ೩೭.೫ ಡಿಗ್ರಿ ದಾಟಿದರೆ 'ಟಕ್' ಅಂತ ಬಲ್ಬು ಆರುತ್ತದೆ, ಇಳಿದರೆ 'ಟಕ್' ಅಂತ ಹತ್ತುತ್ತದೆ. ಕಷ್ಟವಾದದ್ದು ಬಲ್ಬಿಗೇ! ಎಲ್ಲ ಎಲ್‌ಇಡಿ ಆಗಿ ಬಿಸಿಯಾಗುವ ಹಳೆಯ ಬಲ್ಬು ಹುಡುಕಲು ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತ ಅರ್ಧ ದಿನ ಅಲೆದೆ.

ಇನ್ನೊಂದು ಸಂಗತಿ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಪ್ಯಾರಿಸಿನ ಹೆರಿಗೆ ವೈದ್ಯ ಸ್ತೆಫಾನ್ ತಾರ್ನಿಯೆ ೧೮೭೮ರ ಸುಮಾರಿಗೆ ಅಲ್ಲಿನ ಪ್ರಾಣಿಸಂಗ್ರಹಾಲಯದಲ್ಲಿ ಕೋಳಿ ಮರಿ ಮಾಡಿಸುವ ಪೆಟ್ಟಿಗೆ ನೋಡಿದ. ಇದು ಮನುಷ್ಯರ ಮಗುವಿಗೂ ಆಗಬಾರದೇಕೆ ಅನಿಸಿತು. ಆ ಕೋಳಿ ಪೆಟ್ಟಿಗೆಯ ಓದಿಲ್ ಮಾರ್ತಾನ ಕೈಯಲ್ಲೇ ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಒಂದು ಪೆಟ್ಟಿಗೆ ಮಾಡಿಸಿದ. ಆಸ್ಪತ್ರೆಗಳ ಇನ್‌ಕ್ಯುಬೇಟರಿನ ಮೂಲಗಳಲ್ಲಿ ಅದು ದೊಡ್ಡದು. ನಮ್ಮ ಮೊಮ್ಮಗಳು ಎಂಟನೇ ತಿಂಗಳಿಗೆ ಹುಟ್ಟಿ ಹನ್ನೆರಡು ದಿನ ಅಂಥ ಪೆಟ್ಟಿಗೆಯಲ್ಲಿ ಇದ್ದವಳು. ಈಗ ಶಾಲೆಗೆ ಹೋಗುತ್ತಾಳೆ, ನನ್ನ ತತ್ತಿಗಳ ಮೇಲೆ ಪೆನ್ಸಿಲ್ಲಿನಿಂದ ಒಂದು ಕಡೆ ಗುಣಾಕಾರ, ಇನ್ನೊಂದು ಕಡೆ ಸೊನ್ನೆ ಬರೆದವಳು ಅವಳೇ. ಯಾವ ಬದಿ ಮೇಲಿದೆ ನೋಡಿ ದಿನಕ್ಕೆ ಮೂರು ಸಲ ತಿರುಗಿಸಬೇಕಲ್ಲ, ಅದಕ್ಕೆ.

ಇಷ್ಟೆಲ್ಲ ಓದಿ, ಬುದ್ಧಿವಂತನಾಗಿ, ಮೊದಲ ಸಲ ಒಂಬತ್ತು ತತ್ತಿ ಇಟ್ಟೆ. ಏಳನೇ ರಾತ್ರಿ ಮೊಬೈಲಿನ ಬೆಳಕಿಗೆ ಹಿಡಿದರೆ ಆರರಲ್ಲಿ ಜೇಡರ ಬಲೆಯಂತೆ ಕೆಂಪು ನರಗಳು, ನಡುವೆ ಮಿಸುಕುವ ಒಂದು ಕರಿ ಚುಕ್ಕಿ. ಮೂರು ಖಾಲಿ. ಹದಿನಾಲ್ಕನೇ ದಿನಕ್ಕೆ ಇನ್ನೊಂದು ನಿಂತುಹೋಗಿತ್ತು. ಉಳಿದದ್ದು ಐದು. ಹದಿನೆಂಟನೇ ದಿನ ತಿರುಗಿಸುವುದು ನಿಲ್ಲಿಸಿದೆ. ಇಪ್ಪತ್ತನೇ ದಿನ ಬೆಳಗ್ಗೆ ಒಂದು ತತ್ತಿಗೆ ಸಣ್ಣ ಬಿರುಕು, ಒಳಗಿಂದ ಚಿಂವ್!

ನನ್ನ ಕೈ ಸುಮ್ಮನಿರಬೇಕಲ್ಲ. ಮುಚ್ಚಳ ತೆಗೆದು ನೋಡಿದೆ. ಮುಚ್ಚಿದೆ. ಹತ್ತು ನಿಮಿಷಕ್ಕೆ ಮತ್ತೆ ತೆಗೆದೆ. ಮೊಮ್ಮಗಳಿಗೆ ತೋರಿಸಲು ತೆಗೆದೆ, ಪಕ್ಕದ ಮನೆಯವರಿಗೆ ತೋರಿಸಲು ತೆಗೆದೆ. ನಮ್ಮ ಮಾರ್ಚಿನ ಒಣ ಹವೆ ನಿಮಗೆ ಗೊತ್ತಲ್ಲ, ತುಟಿ ಒಡೆಯುತ್ತದೆ. ಒಂದೊಂದು ಸಲ ತೆಗೆದಾಗಲೂ ಒಳಗಿನ ಹಸಿ ಗಾಳಿ ಹೊರಗೆ ಹೋಗಿ ಒಣ ಗಾಳಿ ಒಳಗೆ ಬಂತು. ಚಿಪ್ಪಿನೊಳಗಿನ ತೆಳು ಪೊರೆ ಒಣಗಿ ತೊಗಲಿನಂತಾಗಿ ಮರಿಗೆ ಅಂಟಿಕೊಂಡಿತು. ಹೊರಬರಲು ಮರಿ ಒಳಗೇ ಸುತ್ತ ತಿರುಗುತ್ತ ಕೊಕ್ಕಿನ ತುದಿಯ ಹಲ್ಲಿನಿಂದ ಚಿಪ್ಪು ಕೊಯ್ಯಬೇಕು. ಪೊರೆ ಬಿಗಿದುಕೊಂಡರೆ ತಿರುಗುವುದು ಹೇಗೆ? ಮಾರನೇ ದಿನ ಒಂದು ಮರಿ ಬಂತು. ಉಳಿದ ನಾಲ್ಕರ ಸದ್ದು ಒಂದೊಂದಾಗಿ ನಿಂತಿತು. ಒಡೆದು ನೋಡಿದರೆ ನಾಲ್ಕೂ ಪೂರ್ತಿ ಬೆಳೆದ ಮರಿಗಳು. ಒಂದಕ್ಕೆ ಬೂದು ಮೈ, ಕರಿ ಚುಕ್ಕಿ ಬರುವ ಲಕ್ಷಣ ಆಗಲೇ ಕಾಣುತ್ತಿತ್ತು.

ನನ್ನ ಹೆಂಡತಿ ಬೈಯಲಿಲ್ಲ. ಪೇರಲ ಗಿಡದ ಬುಡದಲ್ಲಿ ನಾನು ಗುಂಡಿ ತೋಡುವಾಗ ಬಂದು ನಿಂತು ಇಷ್ಟೇ ಅಂದಳು: "ಕೋಳಿ ಮಾಡೋ ಕೆಲಸ ಮಾಡಾಕ ಹೊಂಟೀರಿ. ಅದು ಸುಮ್ಮನ ಕುಂದರತೈತ್ರಿ. ನಿಮಗ ಸುಮ್ಮನ ಕುಂದ್ರಾಕ ಬರಂಗಿಲ್ಲ."

ಆವತ್ತು ರಾತ್ರಿ ನನಗೆ ಆಯಿಯ ಮಾತು ನೆನಪಾಯಿತು. ಕಾವಿಗೆ ಕೂತ ಬುಟ್ಟಿಯ ಹತ್ತಿರ ನಾವು ಮಕ್ಕಳು ಸುಳಿದರೆ ಗದರುತ್ತಿದ್ದಳು: "ಕಡೀ ಮೂರು ದಿನ ಆ ಕಡೆ ಯಾರೂ ಹಾಯಬ್ಯಾಡ್ರಿ. ಬಾಣಂತಿ ಖೋಲಿ ಬಾಗಿಲಾ ಹತ್ತು ಸರ್ತಿ ತಗೀತಾರೇನು?" ಬಾಣಂತಿ ಖೋಲಿ ಅಂತ ತಮಾಷೆ ಮಾಡುತ್ತಿದ್ದ ನನಗೆ ಆ ಮಾತು ಎಲ್ಲಿಂದ ಬಂತು ಎಂಬುದೇ ಮರೆತಿತ್ತು. ನಾನು ಇಂಟರ್‌ನೆಟ್ಟಿನಲ್ಲಿ ಓದಿದ ಪಾಠದಲ್ಲೂ ಅದೇ ಇತ್ತು, ಕೊನೆಯ ಮೂರು ದಿನ ಮುಚ್ಚಳ ತೆಗೆಯಬೇಡಿ ಅಂತ. ಓದಿದ್ದೆ, ಪಾಲಿಸಲಿಲ್ಲ.

ಆಮೇಲೆ ಕೂತು ಆಯಿ ಮಾಡುತ್ತಿದ್ದದ್ದನ್ನು ಒಂದೊಂದಾಗಿ ನೆನಪು ಮಾಡಿಕೊಂಡು ಯಂತ್ರದ ಪಾಠದ ಜೊತೆ ತಾಳೆ ನೋಡಿದೆ.

ಆಯಿ ಕಾವಿಗಿಡುವ ತತ್ತಿಗಳನ್ನು ಜೋಳದ ಡಬ್ಬಿಯಲ್ಲಿ ಚೂಪು ತುದಿ ಕೆಳಗೆ ಮಾಡಿ ಹುಗಿದಿಡುತ್ತಿದ್ದಳು. ಪಾಠದಲ್ಲಿ ತಂಪಾದ ಜಾಗ, ದಪ್ಪ ತುದಿ ಮೇಲೆ. ಗಾಳಿಯ ಚೀಲ ಇರುವುದು ದಪ್ಪ ತುದಿಯಲ್ಲಿ. ಬಹಳ ದೊಡ್ಡದು, ಬಹಳ ಗುಂಡಗಿನದು ಬೇಡ ಅನ್ನುತ್ತಿದ್ದಳು. ಪಾಠದಲ್ಲೂ ಮಧ್ಯಮ ಗಾತ್ರ. ವಾರ ದಾಟಿದ ತತ್ತಿ ಸಾರಿಗೆ. ಪಾಠದಲ್ಲೂ ಏಳು ದಿನ. ಎಂಟನೇ ದಿನ ರಾತ್ರಿ ಕಂದೀಲಿನ ಮುಂದೆ ಮುಷ್ಟಿಯಲ್ಲಿ ತತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು, ನಾನು ಮೊಬೈಲಿನಲ್ಲಿ ನೋಡಿದ ಹಾಗೆಯೇ. ಬೇಸಿಗೆಯಲ್ಲಿ ಹದಿನೆಂಟನೇ ದಿನ ಉಗುರುಬೆಚ್ಚನೆ ನೀರನ್ನು ಬೆರಳಿನಿಂದ ತತ್ತಿಗಳ ಮೇಲೆ ಚಿಮುಕಿಸುತ್ತಿದ್ದಳು. ಪಾಠ ಹೇಳುತ್ತದೆ: ಮೊದಲ ಹದಿನೆಂಟು ದಿನ ಗಾಳಿಯ ತೇವ ನೂರಕ್ಕೆ ೫೦ರ ಆಸುಪಾಸು, ಕೊನೆಯ ಮೂರು ದಿನ ೬೫ಕ್ಕೂ ಮೇಲೆ. ಆಯಿಯ ಬೆರಳಿಗೆ ಈ ಅಂಕಿ ಗೊತ್ತಿರಲಿಲ್ಲ, ದಿನ ಗೊತ್ತಿತ್ತು.

ತಾಳೆಯಾಗದ್ದೂ ಇದೆ. ಅಮಾವಾಸ್ಯೆ ದಿನ ತತ್ತಿ ಇಡುತ್ತಿರಲಿಲ್ಲ. ಗುಡುಗಿಗೆ ತತ್ತಿ ಕೆಡಬಾರದು ಅಂತ ಬುಟ್ಟಿಯಲ್ಲಿ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು ಇಡುತ್ತಿದ್ದಳು. ಇದಕ್ಕೆ ಪಾಠದಲ್ಲಿ ಜಾಗವಿಲ್ಲ, ನಾನೂ ಇದನ್ನು ವಿಜ್ಞಾನ ಅಂತ ಹೇಳಲು ಹೋಗುವುದಿಲ್ಲ. ಆದರೆ ತಾಳೆಯಾದದ್ದೇ ಹೆಚ್ಚು.

ಇನ್ನು ಆಯಿಗೂ ಮೇಷ್ಟ್ರು ಆ ಹ್ಯಾಂಟಿ. ಹೊಟ್ಟೆಯ ಕೆಳಗಿನ ಗರಿ ಉದುರಿ ಬರಿ ತೊಗಲು ತತ್ತಿಗೆ ತಾಗುತ್ತದೆ. ದಿನಕ್ಕೆ ಹತ್ತಾರು ಸಲ ಕೊಕ್ಕಿನಿಂದ ತತ್ತಿ ತಿರುಗಿಸುತ್ತದೆ, ಇಲ್ಲದಿದ್ದರೆ ಭ್ರೂಣ ಚಿಪ್ಪಿನ ಪೊರೆಗೆ ಅಂಟುತ್ತದೆ. ದಿನಕ್ಕೊಮ್ಮೆ ಹೊರಗೆ ಬಂದು ಕಾಳು, ನೀರು, ಮಣ್ಣಿನ ಸ್ನಾನ ಮುಗಿಸಿ ತತ್ತಿ ತಣ್ಣಗಾಗುವ ಮೊದಲು ಮತ್ತೆ ಬುಟ್ಟಿಗೆ. ಮರಿ ಚಿಪ್ಪಿನೊಳಗೆ ಚಿಂವ್ ಅಂದಾಗಿನಿಂದ ಮೆಲ್ಲಗೆ ಕೊಕ್‌ಗುಟ್ಟುತ್ತದೆ, ಆದರೆ ಏಳುವುದಿಲ್ಲ. ರೆಯೋಮುರನಿಂದ ಹಿಯರ್ಸನ್ ತನಕ ಎಲ್ಲರೂ ಹಿತ್ತಾಳೆ, ಪಾದರಸಗಳಲ್ಲಿ ನಕಲು ಮಾಡಿದ್ದು ಇದನ್ನೇ.

ಹಳೆಯ ಕನ್ನಡ ನಾಡಿನ ಪುಸ್ತಕಗಳಲ್ಲಿ ಕೋಳಿ ಇಲ್ಲವೆಂದಲ್ಲ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಕೋಳಿ ಕಾಳಗದ ವಿನೋದಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾನೆ. ೧೨೦೯ರ ಸುಮಾರಿನ ಜನ್ನನ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಪಾಪಕ್ಕೆ ತಾಯಿ ಮಗ ಜನ್ಮ ಜನ್ಮ ತೊಳಲಿ, ಕಡೆಗೆ ತಾವೇ ಕೋಳಿಗಳಾಗಿ ಹುಟ್ಟುತ್ತಾರೆ. ಕಾಳಗದ ಹುಂಜ, ಬಲಿಯ ಹುಂಜ ಹೆಸರು ಮಾಡಿದವು. ಬುಟ್ಟಿಯಲ್ಲಿ ಇಪ್ಪತ್ತೊಂದು ದಿನ ಕೂತ ಹ್ಯಾಂಟಿಗೆ, ಅದನ್ನು ಕೂಡಿಸಿದ ಹೆಂಗಸಿಗೆ ಆ ಹೆಸರು ಸಿಗಲಿಲ್ಲ. ರೋಮಿನಲ್ಲಿ ಒಬ್ಬಳಿಗೆ ಸಿಕ್ಕಿದ್ದು ಅವಳು ರಾಜಮಾತೆಯಾದ್ದರಿಂದ. ಲಿವಿಯಾ ಗರ್ಭಿಣಿಯಾಗಿದ್ದಾಗ ಹುಟ್ಟುವುದು ಗಂಡೋ ಹೆಣ್ಣೋ ನೋಡಲು ಒಂದು ತತ್ತಿಯನ್ನು ತಾನೂ ದಾಸಿಯರೂ ಸರದಿಯಂತೆ ಕೈಯಲ್ಲಿ ಹಿಡಿದು ಕಾವು ಕೊಟ್ಟರಂತೆ, ಜುಟ್ಟಿನ ಹುಂಜ ಬಂತಂತೆ. ಮುಂದೆ ಚಕ್ರವರ್ತಿಯಾದ ತಿಬೇರಿಯಸ್ ಹುಟ್ಟಿದ. ಆ ದಾಸಿಯರ ಹೆಸರು ಅಲ್ಲೂ ಇಲ್ಲ.

ಜುಲೈ ಬಂತು. ಮುದಿ ಹ್ಯಾಂಟಿ ಇನ್ನೂ ತತ್ತಿ ಇಡುತ್ತಿತ್ತು. ಎಂಟು ಕೂಡಿದವು, ಎರಡನೇ ಸಲ ಪೆಟ್ಟಿಗೆಗೆ ಇಟ್ಟೆ. ಈ ಸಲ ಒಂದು ಮೂಲೆಯಲ್ಲಿ ಒಂದು ಹಳೆಯ ಬೋಲ್ಟೂ ಇಟ್ಟೆ, ಆಯಿಯ 'ಕಬ್ಬಿಣದ ಚೂರು' (ನಗಬೇಡಿ, ತೂಕ ಎಷ್ಟಾದೀತು ಅದಕ್ಕೆ). ಹೊರಗೆ ಜಿಟಿಜಿಟಿ ಮಳೆ, ಗಾಳಿಯಲ್ಲೇ ತೇವ, ಬಟ್ಟಲಿನ ನೀರು ಅರ್ಧ ಮಾಡಿದೆ. ಏಳನೇ ದಿನ ಆರರಲ್ಲಿ ಜೀವವಿತ್ತು. ಹನ್ನೊಂದನೇ ರಾತ್ರಿ ಗಾಳಿ ಮಳೆಗೆ ಕರೆಂಟು ಹೋಯಿತು, ಏಳು ತಾಸು ಬರಲಿಲ್ಲ. ಬಿಸಿನೀರು ತುಂಬಿದ ಬಾಟಲಿಗಳನ್ನು ತತ್ತಿಗಳ ಸುತ್ತ ಇಟ್ಟು, ಅಪ್ಪನ ಕರಿ ಕಂಬಳಿಯನ್ನು ಪೆಟ್ಟಿಗೆಗೆ ಸುತ್ತಿ, ತಾಸಿಗೊಮ್ಮೆ ನೀರು ಕಾಯಿಸುತ್ತ ಕೂತೆವು, ನಾನೂ ಹೆಂಡತಿಯೂ. ಕತ್ತಲಲ್ಲಿ ಅಂಕಿ ತೋರಿಸುವ ಮೀಟರಿಲ್ಲ. ಅವಳು ಒಂದು ತತ್ತಿ ತೆಗೆದು ಕಣ್ಣಿನ ರೆಪ್ಪೆಗೆ ಹಿಡಿದು "ಐತ್ರಿ, ಬೆಚ್ಚಗೈತಿ" ಅಂದಳು. ಆ ಈಜಿಪ್ಟಿನ ಕತೆಯನ್ನು ನಾನು ಅವಳಿಗೆ ಹೇಳಿದ್ದು ಯಾವಾಗಲೋ, ಅವಳಿಗೆ ನೆನಪಿತ್ತು.

ಹದಿನೆಂಟನೇ ದಿನ ಬಟ್ಟಲು ತುಂಬಿಸಿ ಮುಚ್ಚಳ ಹಾಕಿದವನು ಅದರ ಸುತ್ತ ಸುತಳಿ ಬಿಗಿದು ಗಂಟು ಹಾಕಿಬಿಟ್ಟೆ. ಪೆಟ್ಟಿಗೆ ಬಿಚ್ಚದ ಹಾಗೆ ಅಲ್ಲ, ನನ್ನ ಕೈ ಹೋಗದ ಹಾಗೆ. ಇಪ್ಪತ್ತು ದಾಟಿ ಇಪ್ಪತ್ತೊಂದನೇ ದಿನ ಸಂಜೆಗೆ ಒಳಗೆ ಸಂತೆ ಕೂಡಿದ ಸದ್ದು. ಇಪ್ಪತ್ತೆರಡನೇ ಬೆಳಗ್ಗೆ ಸುತಳಿ ಕೊಯ್ದೆ. ಐದು ಮರಿ, ಮೈ ಒಣಗಿ ಹತ್ತಿಯ ಉಂಡೆಯಂತಾಗಿದ್ದವು. ಲಸಿಕೆ ಹಾಕಿಸಲು ಏಳನೇ ದಿನ ನಾನೇ ಬುಟ್ಟಿ ಹೊತ್ತು ಹೋದೆ, ಈ ಸಲ ದೀಪಾವಳಿ ಕಾಯಲಿಲ್ಲ.

ಮುದಿ ಹ್ಯಾಂಟಿ ದೀಪಾವಳಿಯ ಮುಂದೆ ತೀರಿತು. ಐದರಲ್ಲಿ ಮೂರು ಹ್ಯಾಂಟಿ, ಎರಡಕ್ಕೆ ಬೂದು ಮೈ, ಕರಿ ಚುಕ್ಕಿ. ಅಣ್ಣ ತಂಗಿಯರಲ್ಲೇ ಬಳಿ ಬೆಳೆಯಬಾರದು ಅಂತ ಕಲಘಟಗಿ ಕಡೆಯ ನೆಂಟರ ಜೊತೆ ಹುಂಜ ಬದಲಾಯಿಸಿಕೊಂಡೆ. ಅದರ ಕಾಲು ಅರಿಸಿನ ಹಳದಿ. ಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ ಆದರೂ, ಈ ಹಳದಿ ತೊಗಲಿನ ವಂಶವಾಹಿ ಬಂದದ್ದು ನಮ್ಮ ಬೂದು ಕಾಡುಕೋಳಿಯಿಂದ ಎಂದು ೨೦೦೮ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದ್ದಾರೆ. ಅಂದರೆ ದಾಂಡೇಲಿ ಕಾಡಿನಲ್ಲಿ ಬೆಳಗ್ಗೆ ಕೂಗುವ ಆ ಕೋಳಿಯ ಬಳಗ. ಲೋಕದ ಎಷ್ಟೋ ಫಾರಂ ಕೋಳಿಗಳ ಕಾಲಲ್ಲಿ ನಮ್ಮ ಕಡೆಯ ಕಾಡು ನಡೆಯುತ್ತಿದೆ!

ಕಾವಿನ ಗುಣ ಮಾತ್ರ ಪೆಟ್ಟಿಗೆಯಲ್ಲಿ ಹುಟ್ಟಿದ ಈ ಮರಿಗಳಲ್ಲಿ ಉಳಿದಿದೆಯೋ ಇಲ್ಲವೋ ಅನ್ನುವ ಅಳುಕು ನನಗಿತ್ತು. ತಾಯಿ ಕೂತದ್ದನ್ನು ನೋಡದ ಮರಿಗಳಲ್ಲವೇ. ಈ ವರ್ಷ ಹೋಳಿ ಹುಣ್ಣಿಮೆ ಕಳೆದ ವಾರ ಚುಕ್ಕಿ ಹ್ಯಾಂಟಿಯೊಂದು ಗೂಡಿನ ಮೂಲೆ ಬಿಟ್ಟು ಏಳಲಿಲ್ಲ. ಕೈ ಚಾಚಿದರೆ ಗರಿ ಉಬ್ಬಿಸಿ ಗುರ್ ಅಂತು, ಕುಕ್ಕಿತು. ಕೈಯಲ್ಲಿ ರಕ್ತ ಬಂದರೂ ನಗುತ್ತ ಒಳಗೆ ಬಂದೆ. ಹೆಂಡತಿ ಅಟ್ಟದಿಂದ ಅವ್ವನ ಬುಟ್ಟಿ ಇಳಿಸಿ ಹುಲ್ಲು ಹಾಸಿದಳು. ಹನ್ನೊಂದು ತತ್ತಿ, ಒಂದು ಬೋಲ್ಟು, ಒಂದು ಇದ್ದಿಲು. ಬುಟ್ಟಿ ಇಳಿದ ಜಾಗಕ್ಕೆ ಥರ್ಮೋಕೋಲ್ ಪೆಟ್ಟಿಗೆ ಏರಿತು. ಬಿಸಾಕುವುದಿಲ್ಲ. ಮತ್ತೊಂದು ಜನವರಿ ಬಂದರೆ ಬೇಕಾದೀತು.

ಇವತ್ತು ಅದು ಕೂತು ಹತ್ತೊಂಬತ್ತನೇ ದಿನ. ನಾನು ಆ ಕಡೆ ಹೋಗಿಲ್ಲ. ಕೈಗೆ ಕೆಲಸವಿರಲಿ ಅಂತಲೇ ಇದನ್ನು ಬರೆದದ್ದು.

ಮಿತ್ರರೇ, ನಿಮ್ಮ ಊರಿನ ಕಡೆ ಕಾವಿಗೆ ಕೂಡಿಸುವಾಗ ಬುಟ್ಟಿಯಲ್ಲಿ ಏನಿಡುತ್ತಿದ್ದರು? ಎಷ್ಟು ತತ್ತಿ, ಯಾವ ದಿನ? ಮನೆಯಲ್ಲಿ ಅಜ್ಜಿ ಇದ್ದರೆ ಇವತ್ತೇ ಕೇಳಿ ಬರೆದಿಡಿ. ನಾನು ಕೇಳಲು ತಡಮಾಡಿದೆ.